ದುಬೈಯಿಂದ ಬಂದ ಏಜೆಂಟ್

"ಚಂದು, ನಾಳೆಯಿಂದ ನೀನು ಬರುದು ಬೇಡ," ಅಂದ್ರು ದಾಮೋದರ ಶೆಟ್ರು. ಉಡುಪಿ ಬಸ್‌ಸ್ಟ್ಯಾಂಡಿನ ನಟ್ಟನಡುವೆ, ತಮ್ಮ 'ವನಜಾಕ್ಷಿ' ಬಸ್ಸಿಗೆ ಕೈ ಊರಿ ನಿಂತು. ಸಿನಿಮಾದಲ್ಲಾದ್ರೆ ಇಲ್ಲಿ ಗುಡುಗು ಸಿಡಿಲು ಬರ್ಬೇಕಿತ್ತು. ಬಂದದ್ದು ಕಾಪು ಬಸ್ಸಿನ ಹಾರನ್ನು.

ಚಂದು ಆ ಬಸ್ಸಿನ ಏಜೆಂಟ್. ಏಜೆಂಟ್ ಅಂದ್ರೆ ಕೋಟು, ಕಪ್ಪು ಕನ್ನಡಕ, ಪಿಸ್ತೂಲು ಎಲ್ಲ ಇಲ್ಲ. "ಕಾರ್ಕಳ ಕಾರ್ಕಳ ಕಾರ್ಕಳ" ಅಂತ ಕೂಗಿ ಜನ ಹತ್ತಿಸುವವ. ಹನ್ನೊಂದು ವರ್ಷ ಕೂಗಿ ಕೂಗಿ ಅವನ ಸ್ವರ ತೆಂಗಿನಕಾಯಿ ತುರಿದ ಹಾಗೆ ಆಗಿತ್ತು.

"ನಾನು ಎಂತ ತಪ್ಪು ಮಾಡಿದೆ ಧಣಿ?"

"ತಪ್ಪಲ್ಲ ಮಾರಾಯ, ಸ್ವರ! ಕೇಳಿದ್ರೆ ಮಕ್ಕಳು ಹೆದರ್ತಾರೆ. ಇನ್ನು ಇದು ಕೂಗ್ತದೆ." ಶೆಟ್ರು ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಸ್ಟೂಲಿನ ಮೇಲಿಟ್ರು. ಬಾವ ದುಬೈಯಿಂದ ತಂದದ್ದು. ಒಳಗೆ ಕ್ಯಾಸೆಟ್ಟಿನ ಉದ್ದಕ್ಕೂ ಶೆಟ್ರ ಅಣ್ಣನ ಮಗಳು ಸುಭಾಷಿಣಿಯ ಸ್ವರ. ಮಣಿಪಾಲದ ಕಾಲೇಜಿನಲ್ಲಿ ಭಾಷಣಕ್ಕೆ ಮೂರು ಕಪ್ ಹೊಡೆದ ಹುಡುಗಿ. "ಮಾತು ಅಂದ್ರೆ ಮಾತು. ಒಂಬತ್ತು ನಲವತ್ತಕ್ಕೆ ಬಸ್ಸು ಭರ್ತಿ ಆಗದಿದ್ರೆ ನಾಳೆಯೂ ನೀನೇ ಬಾ. ಭರ್ತಿ ಆದ್ರೆ, ನಿನ್ನ ಪಿಕ್ಚರ್ ಶುಭಂ."

ಶೆಟ್ರು ಗುಂಡಿ ಒತ್ತಿದ್ರು. "ಪ್ರಯಾಣಿಕ ಬಂಧುಗಳೇ, ಮಣಿಪಾಲ, ಹಿರಿಯಡ್ಕ, ಬೈಲೂರು ಮಾರ್ಗವಾಗಿ ಕಾರ್ಕಳಕ್ಕೆ ಹೋಗುವವರು ದಯವಿಟ್ಟು ಬಸ್ಸನ್ನು ಏರಿರಿ..." ಎಂತ ಸ್ವರ! ಬೆಲ್ಲದ ಪಾಕ. ಜನ ಓಡಿ ಬಂದ್ರು. ಬಂದು, ಬಸ್ಸು ಹತ್ತಲಿಲ್ಲ. ಸ್ಟೂಲಿನ ಸುತ್ತ ನಿಂತ್ರು. ಬೈಲೂರಿನ ಕಮಲಕ್ಕ ಬಗ್ಗಿ ಸ್ಟೂಲಿನ ಅಡಿಯನ್ನೂ ನೋಡಿದ್ರು. "ಹುಡುಗಿ ಎಲ್ಲಿ ಕೂತಿದ್ದಾಳೆ ಮಾರಾಯ? ಯಾರ ಮಗಳು?"

ಒಂಬತ್ತು ಮೂವತ್ತೈದು. ಸ್ಟೂಲಿನ ಸುತ್ತ ಐವತ್ತು ಜನ, ಬಸ್ಸಿನ ಒಳಗೆ ನಾಲ್ಕು. ಚಂದು ಕಟ್ಟೆಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಚಾ ಕುಡೀತಿದ್ದ. ಇನ್ನು ಐದೇ ನಿಮಿಷ ಹಾಗೇ ಕೂತ್ರೆ ಸಾಕು, ಹೀರೋ ಗೆದ್ದ ಹಾಗೆ. ಡ್ರೈವರ್ ಪ್ಯಾಟ್ರಿಕ್ ಇಂಜಿನ್ ಸ್ಟಾರ್ಟ್ ಮಾಡಿದ. ಹಿಂದೆ ಒಂಬತ್ತು ನಲವತ್ತೈದರ ಬಸ್ಸು ಬಂದು ಮೂಗು ತೂರಿಸಿತು. ಖಾಲಿ ಸೀಟುಗಳು ಚಂದುವನ್ನೇ ನೋಡ್ತಿದ್ದವು. ಕಾಲಿನ ಮೇಲಿದ್ದ ಕಾಲು ಕೆಳಗೆ ಇಳಿಯಿತು.

"ಥತ್!" ಚಾ ಅರ್ಧಕ್ಕೇ ಬಿಟ್ಟು ಹಾರಿದ. ಟೇಪನ್ನು ಬಾಚಿ ಎತ್ತಿಕೊಂಡು ಬಸ್ಸಿನ ಒಳಗೆ ನಡೆದ. ಬೆಲ್ಲದ ಹಿಂದೆ ಇರುವೆ ಹೋದ ಹಾಗೆ ಜನವೆಲ್ಲ ಹಿಂದೆಯೇ! ಚಂದು ಟೇಪನ್ನು ಕಮಲಕ್ಕನ ಮಡಿಲಲ್ಲಿಟ್ಟು, ಬಾಗಿಲಿಗೆ ಬಂದು ನಿಂತ. "ಒಳಗೆ ಒಳಗೆ! ಬ್ಯಾಗು ಮೇಲೆ ಇಡಿ ಮಾಸ್ಟ್ರೇ! ಓ ಸುಂದರಿಯಕ್ಕ, ಇಳೀರಿ, ನಿಮ್ಮದು ಕಾಪು ಅಲ್ವಾ? ಮೀನು ಹಾಳಾಗ್ತದೆ, ಅಗೋ ಆ ಬಸ್ಸು! ರೈಟ್, ಪೋಯಿ, ಹೋಗುವ!"

ಚಂದು ಕೆಳಗೆ ಹಾರಿ ಬಾಗಿಲು ತಟ್ಟಿದ. ಒಂಬತ್ತು ನಲವತ್ತಕ್ಕೆ ಸರಿಯಾಗಿ 'ವನಜಾಕ್ಷಿ' ತುಂಬು ಬಸುರಿಯ ಹಾಗೆ ಹೊರಟಿತು.

"ನೋಡಿದೆಯಾ, ಭರ್ತಿ!" ಶೆಟ್ರು ತೊಡೆ ತಟ್ಟಿದ್ರು.

"ಹತ್ತಿಸಿದ್ದು ನಾನು ಧಣಿ."

"ಕರೆದದ್ದು ಟೇಪು. ನೀನು ಸುಮ್ಮನೆ ಕೂತಿದ್ರೆ ಗೆಲ್ತಿದ್ದೆ. ಎಂತಕ್ಕೆ ಎದ್ದೆ?"

"ನನ್ನ ಬಸ್ಸು ಖಾಲಿ ಹೋಗುದನ್ನು ನೋಡ್ಲಿಕ್ಕೆ ಆಗುದಿಲ್ಲ ಧಣಿ. ಎಂತ ಮಾಡುದು?"

ಶೆಟ್ರು ಟೇಪು ಚೀಲಕ್ಕೆ ಹಾಕ್ಲಿಕ್ಕೆ ತಿರುಗಿದ್ರು. ಸ್ಟೂಲು ಖಾಲಿ. "ಅಯ್ಯೋ, ನನ್ನ ಟೇಪು! ಬಾವ ಕೊಲ್ತಾರೆ! ವಿಸಿಲ್ ಹಾಕು ಚಂದು!"

ಪ್ಯಾಟ್ರಿಕ್ ಒಂದು ಸಲ ಹೊರಟ್ರೆ ಲೋಕದಲ್ಲಿ ಒಂದೇ ವಿಸಿಲಿಗೆ ನಿಲ್ಲುವವ, ಅದು ಚಂದುವಿನದ್ದು. ಚಂದು ಎರಡು ಬೆರಳನ್ನು ತುಟಿಯ ಹತ್ತಿರ ತಂದು, ಅಲ್ಲೇ ನಿಲ್ಲಿಸಿದ. ಕ್ಲೋಸಪ್ಪಿನಲ್ಲಿ ನಿಲ್ಲಿಸುವ ಹಾಗೆ.

"ಧಣಿ, ನಾಳೆ ನಾನು ಬರುದಾ, ಬೇಡ್ವಾ?"

ಬಸ್ಸು ತಿರುವಿನ ಹತ್ತಿರ ಹೋಗ್ತಾ ಉಂಟು.

"ಬಾ ಮಾರಾಯ, ಬಾ! ನಾಡಿದ್ದೂ ಬಾ! ಮೊದಲು ವಿಸಿಲ್ ಹಾಕು!"

ಇಡೀ ಸ್ಟ್ಯಾಂಡಿನ ಕಾಗೆಗಳು ಒಮ್ಮೆಲೇ ಹಾರಿದವು. ತಿರುವಿನಲ್ಲಿ 'ವನಜಾಕ್ಷಿ' ಕಿರ್‍ರ್ ಅಂತ ನಿಂತಿತು. ಶೆಟ್ರು ಪಂಚೆ ಎತ್ತಿಕೊಂಡು ಓಡಿ ಕಿಟಕಿಯ ಹತ್ತಿರ ಬಂದ್ರೆ, ಒಳಗೆ ನಿಲ್ಲಲಿಕ್ಕೂ ಜಾಗ ಇಲ್ಲ, ಟೇಪು ಮಾತ್ರ ನಿಲ್ಲದೆ ಹೇಳ್ತಾ ಉಂಟು: "...ದಯವಿಟ್ಟು ಬಸ್ಸನ್ನು ಏರಿರಿ."

ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಹಿಡಿದುಕೊಂಡಿದ್ದ ಕಮಲಕ್ಕನಿಗೆ ತಾಳ್ಮೆ ತಪ್ಪಿತು. "ಹತ್ತಿ ಆಯ್ತಲ್ಲ ಮಾರಾಯ್ತಿ! ಇನ್ನೆಷ್ಟು ಸಲ ಹತ್ತುದು?"