ಮೊದಲ ಮಾರಾಟ

ಸ್ವಾಗತ ಭಾಷಣವೇ ಇನ್ನೂ ಮುಗಿದಿರಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಯ ಮೂಲೆಯಿಂದ ತಣ್ಣನೆಯ ಹನಿಯೊಂದು ಜಿಸ್ನಳ ಪಾದದ ಮೇಲೆ ಬಿತ್ತು. ಅವಳು ಓದುತ್ತಿದ್ದ ಕೊಡಕರದ ಶಾಲೆಯಂಗಳದಲ್ಲಿ ಕುಂಭ ಮಾಸದ ಬಿಸಿಲು ಶಾಮಿಯಾನವನ್ನೂ ತೂರಿ ಇಳಿಯುತ್ತಿತ್ತು. ಪೆಟ್ಟಿಗೆಯೊಳಗಿದ್ದುದು ಅಮ್ಮನ ಫ್ರಿಜ್ಜಿನಿಂದ ಮೀನನ್ನು ಗಡೀಪಾರು ಮಾಡಿ, ವಾರವಿಡೀ ಜಿಸ್ನ ಗಟ್ಟಿಗೊಳಿಸಿದ ಐಸ್‌ಕ್ಯಾಂಡಿ: ಮಾವು, ಹಲಸು, ನನ್ನಾರಿ ಬೇರಿನ ಶರಬತ್ತು, ಎಳನೀರು. ವೇದಿಕೆಯ ಮೇಲೆ ‘ವಿದ್ಯಾರ್ಥಿಗಳೇ, ಉದ್ಯಮಿಗಳಾಗಿ’ ಎಂಬ ಬ್ಯಾನರು. ಅದರಡಿಯಲ್ಲಿ ಬೆವರೊರೆಸುತ್ತ ಕುಳಿತ ಗಣ್ಯರ ಸಾಲು.

ಸಭೆಯ ಕಡೆಯ ಸಾಲಿನಲ್ಲಿ ಅವಳ ಅಪ್ಪ ಪೌಲಿ ಕೈಕಟ್ಟಿ ಕುಳಿತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರಾದ ಅವರ ತೀರ್ಪು ಬೆಳಿಗ್ಗೆ ತಿಂಡಿಯ ಹೊತ್ತಿಗೇ ಹೊರಬಿದ್ದಿತ್ತು: “ಇವತ್ತು ಪೆಟ್ಟಿಗೆ ಖಾಲಿ ಆದ್ರೆ ಮುಂದೆ ನಿನ್ನಿಷ್ಟ. ಒಂದೇ ಒಂದು ಉಳಿದ್ರೂ ಸೋಮವಾರದಿಂದ ಸರ್ಕಾರಿ ಪರೀಕ್ಷೆ ಕೋಚಿಂಗು. ತಕರಾರು ಮಾಡ್ಬಾರ್ದು.”

ಜಿಸ್ನ ವಾಣಿಜ್ಯ ಕಲಿಸುವ ಸುಕುಮಾರನ್ ಮಾಷರ ಬಳಿಗೆ ಓಡಿದಳು. ಮಕ್ಕಳೇ ಮಳಿಗೆ ನಡೆಸಬೇಕೆಂಬ ಹುಳವನ್ನು ಅವಳ ತಲೆಯೊಳಗೆ ಬಿಟ್ಟವರೇ ಅವರು.

“ಮಾಷೇ, ಕರಗ್ತಾ ಇದೆ. ಮಾರೋಕೆ ಶುರು ಮಾಡ್ಲಾ?”

“ಉದ್ಘಾಟನೆಗೆ ಮುಂಚೇನಾ? ತಲೆ ನೆಟ್ಟಗಿದೆಯೇನೇ ನಿಂಗೆ?”

“ದೀಪ ಹಚ್ಚಿ ಆಯ್ತಲ್ಲ!”

“ದೀಪ ಹಚ್ಚಿಬಿಟ್ರೆ ಮುಗೀತಾ? ಮೊದಲ ಮಾರಾಟ ಆಗ್ಬೇಡ್ವಾ? ಮುಖ್ಯ ಅತಿಥಿ ಮೇನೋನ್ ಸಾರ್ ಮಾವಿನದೊಂದು ಸಹಕಾರಿ ಬ್ಯಾಂಕಿನ ಅಧ್ಯಕ್ಷರ ಕೈಗೆ ಕೊಡ್ಬೇಕು, ಅವರು ಇಸ್ಕೋಬೇಕು, ಫೋಟೋ ತೆಗೀಬೇಕು. ಆಮೇಲೆ ನಿನ್ನ ಕಾರುಬಾರು.”

“ಅದು ಯಾವಾಗ?”

“ಶುಭಾಶಯದ ಭಾಷಣ ಎಲ್ಲಾ ಮುಗಿದ್ಮೇಲೆ. ಹಾಗಂತ ಕಾರ್ಯಕ್ರಮದ ನೋಟೀಸಲ್ಲಿ ಅಚ್ಚಾಗಿದೆ. ಹೆಸರು ಅಚ್ಚಾದೋರು ಮಾತಾಡದೇ ಇಳಿದ್ರೆ ಇನ್ಮೇಲೆ ನಮ್ಮ ಗೇಟಿನ ಕಡೆ ತಲೆ ಹಾಕಿ ಮಲಗಲ್ಲ.”

“ಅಷ್ಟೊತ್ತಿಗೆ ನಾನು ಪಾನಕ ಮಾರ್ಬೇಕಾಗುತ್ತೆ, ಮಾಷೇ!”

“ಪಾನಕಾನೇ ಮಾರು. ಮೊದಲನೇ ಮಾರಾಟ ಆಗದೇ ಎರಡನೇದು ಆಗೋ ಹಾಗಿಲ್ಲ.”

ಅಷ್ಟರಲ್ಲಿ ಮುಖ್ಯ ಅತಿಥಿ ಪ್ರಭಾಕರ ಮೇನೋನ್ ಎದ್ದರು. ಆಯುಷ್ಯದ ಬಹುಭಾಗವನ್ನು ಸರ್ಕಾರದ ಫ್ಯಾನಿನ ಕೆಳಗೆ ಕಳೆದು ನಿವೃತ್ತರಾಗಿದ್ದ ಆ ಅಧಿಕಾರಿ ಕಾಗದದ ಕಟ್ಟನ್ನು ಬಿಡಿಸಿ, ಕನ್ನಡಕ ಏರಿಸಿ, “ಯುವಜನರು ಯಾರ ಅಪ್ಪಣೆಗೂ ಕಾಯುತ್ತ ಕೂರಬಾರದು” ಎಂದು ಗಂಭೀರವಾಗಿ ಆರಂಭಿಸಿ, ನೀರಿನ ಲೋಟಕ್ಕಾಗಿ ತಡಕಾಡಿದರು. ಆ ಒಂದು ಮಾತನ್ನು ಜಿಸ್ನ ಶ್ರದ್ಧೆಯಿಂದ ಕೇಳಿಸಿಕೊಂಡಳು. ಸ್ಟೀಲ್ ತಟ್ಟೆಯಲ್ಲಿ ನಾಲ್ಕಾರು ಕ್ಯಾಂಡಿ ಜೋಡಿಸಿ, ವೇದಿಕೆಯ ಮೆಟ್ಟಿಲೇರಿ, ಪಂಚಾಯತಿ ಸದಸ್ಯೆ ಲೀಲಾಮಣಿಯವರ ಕಿವಿಯ ಬಳಿ ಬಾಗಿದಳು.

“ಚೇಚೀ, ಮಾವಿನ ಮೊದಲ ಮಾರಾಟ ಮೇನೋನ್ ಸಾರ್‌ದು ಅಂತ ಅಚ್ಚಾಗಿದೆ. ಹಲಸಿನದಕ್ಕೆ ಪಾಪ ಯಾರ ಹೆಸರೂ ಇಲ್ಲ. ನೀವೊಂದು ಕೈ ಹಚ್ತೀರಾ? ಫೋಟೋದವನು ತಯಾರಾಗೇ ಇದಾನೆ.”

ಲೀಲಾಮಣಿ ಸೆರಗು ಸರಿಪಡಿಸಿಕೊಂಡು ಎದ್ದು, ಹಲಸಿನ ಮೊದಲ ಮಾರಾಟವನ್ನು ಪೋಷಕರ ಸಂಘದ ಅಧ್ಯಕ್ಷರಿಗೆ ನೆರವೇರಿಸಿದರು. ಕ್ಯಾಮೆರಾ ಮಿಂಚಿತು. ಪಕ್ಕದಲ್ಲಿದ್ದ ಬ್ಯಾಂಕಿನ ಅಧ್ಯಕ್ಷರ ಮುಖ ಕೆಂಪೇರಿತು. “ಹಾಗಾದ್ರೆ ನನ್ನಾರಿ ಏನು ಪಾಪ ಮಾಡಿತ್ತು?” ಎಂದು ಅದನ್ನು ಅವರು ಮುಖ್ಯೋಪಾಧ್ಯಾಯಿನಿಗೆ ಮಾರಿದರು. ಕೂಡಲೇ ಪೋಷಕರ ಸಂಘದ ಅಧ್ಯಕ್ಷರು ತಗಾದೆ ತೆಗೆದರು: “ನಾನು ಬರೀ ಇಸ್ಕೊಂಡೋನಾದೆ. ಕೊಟ್ಟೋನು ಆಗೋದು ಯಾವಾಗ?” ಅವರ ಪಾಲಿಗೆ ಎಳನೀರು ಬಂತು. ಮೇನೋನ್ ಮೈಕಿನ ಮುಂದೆ ನೀರಿನ ಲೋಟ ಹಿಡಿದು ನಿಂತೇ ಇದ್ದರು. ಶುಭಾಶಯ ಕೋರಬೇಕಾದವರ ಭಾಷಣದ ಚೀಟಿಗಳು ಹಲಸಿನ ರಸದಲ್ಲಿ ನೆನೆದಿದ್ದವು; ಕ್ಯಾಂಡಿ ತೊಟ್ಟಿಕ್ಕುವುದನ್ನು ತಡೆಯಲು ನಾಲಗೆಗಳೆಲ್ಲ ಬೇರೆ ಕೆಲಸದಲ್ಲಿ ತೊಡಗಿದ್ದವು.

ವೇದಿಕೆಯ ಮೇಲಿನ ಸಂಭ್ರಮ ಕೆಳಗಿಳಿಯಲು ತಡವಾಗಲಿಲ್ಲ. ಅಧ್ಯಾಪಿಕೆಯರಿಗೆ ಮೊದಲ ಮಾರಾಟ, ಹಳೆಯ ವಿದ್ಯಾರ್ಥಿಗಳಿಗೆ ಮೊದಲ ಮಾರಾಟ, ಗ್ರಂಥಾಲಯದ ಸಮಿತಿಗೆ ಮೊದಲ ಮಾರಾಟ, ಆಮೇಲೆ ಒಂದೊಂದು ತರಗತಿಗೆ, ತರಗತಿಯ ಒಂದೊಂದು ಬೆಂಚಿಗೆ. “ನಮ್ಮ ಬೀದಿಯೋರಿಗೆ ಇನ್ನೂ ಆಗಿಲ್ಲ!” ಎಂದು ಯಾರೋ ಕೂಗಿದರು.

ಮಾಷು ಪಂಚೆಯನ್ನು ಮೊಳಕಾಲಿಗೆತ್ತಿ ಕಟ್ಟಿ ಓಡಿಬಂದರು. “ಏನೇ ಇದು ಅನಾಹುತ! ನಾನು ಹೇಳಿದ್ದೇನು, ನೀನು ಮಾಡ್ತಿರೋದೇನು?”

“ನೀವು ಹೇಳಿದ ಹಾಗೇ, ಮಾಷೇ. ಎರಡನೇ ಮಾರಾಟ ಅಂತ ಇಲ್ಲೀವರೆಗೆ ಒಂದೂ ಆಗಿಲ್ಲ.”

ಮಾಷು ಆಗ ನಕ್ಕರೆಂದು ಹೇಳುವವರಿದ್ದಾರೆ. ಹಣೆ ಚಚ್ಚಿಕೊಂಡರೆಂದು ಹೇಳುವವರೂ ಇದ್ದಾರೆ. ಅವರ ಕೈಯಲ್ಲೂ ನನ್ನಾರಿಯದೊಂದಿತ್ತು ಎಂಬ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಅಷ್ಟರಲ್ಲಿ ಪೌಲಿ ಎದ್ದು ಬಂದರು. ಮಗಳ ಮುಖ ನೋಡದೆ, ಪೆಟ್ಟಿಗೆಯೊಳಗೆ ಇಣುಕಿ, ಗಂಟಲು ಸರಿಪಡಿಸಿಕೊಂಡು ಕೇಳಿದರು:

“ತಾಲ್ಲೂಕು ಕಚೇರಿಯೋರ ಪೈಕಿ ಯಾರಿಗಾದ್ರೂ ಆಯ್ತಾ?”

“ಇಲ್ಲ, ಅಪ್ಪಾ.”

“ಹಾಗಾದ್ರೆ ಒಂದ್ನಿಮಿಷ ತಡಿ” ಎಂದು ಅವರು ಕಿಸೆಯಿಂದ ಬಾಚಣಿಗೆ ತೆಗೆದು, ಕ್ಯಾಮೆರಾದತ್ತ ತಿರುಗಿ ಕ್ರಾಪು ತಿದ್ದಿಕೊಂಡರು.

ಕೊನೆಗೆ ಉಳಿದಿದ್ದು ಮಾವಿನದೊಂದೇ. ಜಿಸ್ನ ಅದನ್ನು ಮೇನೋನರ ಕೈಗಿತ್ತಳು. ಅವರು ಅದನ್ನು, ನೋಟೀಸಿನಲ್ಲಿದ್ದಂತೆಯೇ, ಬ್ಯಾಂಕಿನ ಅಧ್ಯಕ್ಷರಿಗೆ ವಿಧಿವತ್ತಾಗಿ ಮಾರಿದರು. ಚಪ್ಪಾಳೆ ಅಡಗಿದ ಮೇಲೆ ಬರಿಗೈಯನ್ನೊಮ್ಮೆ, ಕಾಗದದ ಕಟ್ಟನ್ನೊಮ್ಮೆ ನೋಡಿ ಕೇಳಿದರು:

“ಮಗೂ, ಉದ್ಯಮ ಶುರು ಮಾಡೋದು ಹೇಗೆ ಅಂತ ನಾನು ನಿಮಗೆಲ್ಲ ಹೇಳ್ಬೇಕಿತ್ತಲ್ಲ?”

ಜಿಸ್ನ ಪೆಟ್ಟಿಗೆಯನ್ನು ಬೋರಲು ಹಾಕಿ, ಒಳಗಿದ್ದ ನೀರನ್ನು ಬಸಿದಳು.

“ಈಗ ಹೇಳಿ ಸಾರ್, ಎಷ್ಟು ಹೊತ್ತು ಬೇಕಾದ್ರೂ. ನಂಗೆ ಇನ್ನೇನೂ ಅವಸರ ಇಲ್ಲ.”