ಸಂಜೆಯ ಗುಳಿಗೆ

ಹೆರಿಗೆಗೆ ಹೋದ ಸೊಸೆ ತೀರಿಹೋದಳೆಂಬ ಸುದ್ದಿಯನ್ನು ಬೆಳಗಾಗುತ್ತಲೇ ಆಶಾ ಕಾರ್ಯಕರ್ತೆ ತಂದಳು. ಪೂಜೆಗೆ ಕುಳಿತಿದ್ದ ನೀಲವ್ವನ ಲಿಂಗ ಅಂಗೈಯಲ್ಲೇ ಉಳಿಯಿತು.

“ಕೂಸೂ ಉಳೀಲಿಲ್ಲ, ಆಯಿ. ಮೈಯಾಗ ರಕ್ತನ ಇರಲಿಲ್ಲಂತ. ತಿಂಗಳಾ ರಕ್ತ ಹೆಚ್ಚಾಗೂ ಗುಳಿಗಿ ಕೊಟ್ಟೀನಿ, ಖಾಲಿ ಹಾಳಿ ತಂದು ತೋರಸ್ತಿದ್ಲು. ನುಂಗ್ತಿದ್ಲೋ ಇಲ್ಲೋ, ನೀ ನೋಡಿಲ್ಲೇನು?”

“ನಾನ ತಲಿ ತಿರುಗಿ ಹಾಸಿಗಿ ಹಿಡದಿದ್ನೆವ್ವ. ಅಕಿ ಆರೈಕಿಯಿಂದ ಎದ್ದು ಓಡಾಡಾಕತ್ತೀನಿ.”

“ದವಾಖಾನಿ ಔಷಧ ಮುಟ್ಟಾಕಿ ಅಲ್ಲ ನೀ. ಏನ್ ಆರೈಕಿ ಮಾಡಿದ್ಲು?”

“ಮಠದ ಅಜ್ಜಾರು ಮಂತ್ರಿಸಿ ಕೊಟ್ಟಿದ್ದು ಅಂತ ದಿನಾ ಸಂಜಿಕೆ ದೀಪ ಹಚ್ಚಿದ ಮ್ಯಾಲೆ ಒಂದು ಕೆಂಪು ಗುಳಿಗಿ ನುಂಗಸ್ತಿದ್ಲು.”

ಆಶಾ ಕಾರ್ಯಕರ್ತೆ ತನ್ನ ಚೀಲದಿಂದ ಬಸುರಿಯರ ಗುಳಿಗೆಯ ಹಾಳೆಯೊಂದನ್ನು ತೆಗೆದು ಮುಂದೆ ಹಿಡಿದಳು. ಅದೇ ಕೆಂಪು ಗುಳಿಗೆ.

ನೀಲವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. “ಶಿವನೇ, ನನ್ನ ಬದುಕಿಸಿ ಹೋದಾಕಿಗೆ ಶಾಂತಿ ಕೊಡು.”