ಗೋಡೆಯಾಚೆಯ ರೊಟ್ಟಿಯ ಸದ್ದು

ನೆಟ್‌ವರ್ಕ್ ಇಲ್ಲದೆ ಈಗ ಯಾರಿಗೂ ಕಣ್ಣು ಕಾಣುವುದಿಲ್ಲ. ಒಬ್ಬರ ಡೇಟಾ ಪ್ಲಾನಿನಲ್ಲಿ ಇನ್ನೊಬ್ಬರು ನೋಡಿ ಸಿಕ್ಕಿಬಿದ್ದರೆ ಇಬ್ಬರ ಕಣ್ಣೂ ಬಂದ್. ಪಕ್ಕದ ಮನೆಯ ಬಾಳವ್ವ ಕಾಕು ಎರಡು ವರ್ಷದಿಂದ ನನ್ನ ಮೊಬೈಲಿನ ಹಾಟ್‌ಸ್ಪಾಟಿನಲ್ಲೇ ನೋಡುತ್ತಿದ್ದಾರೆ.

ಇಂದು ನೆಟ್‌ವರ್ಕ್ ಕಂಪನಿಯವನು ತಪಾಸಣೆಗೆ ಬಂದ. ಸೆರಗಿನ ಮರೆಯಲ್ಲಿ ಹಾಟ್‌ಸ್ಪಾಟ್ ಬಂದ್ ಮಾಡಿದೆ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು.

"ಬಾಜೂ ಮನ್ಯಾಗ ಯಾಕ್ರಿ ಸುಮ್ಮನಾದ್ರು?" ಎಂದ ಅವನು.

ಅಷ್ಟರಲ್ಲಿ ಸದ್ದು ಮತ್ತೆ ಶುರುವಾಯಿತು. ಅವನು ಸಹಿ ಹಾಕಿಸಿಕೊಂಡು ಹೋದ.

ಓಡಿಹೋಗಿ ನೋಡಿದೆ. ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು. ಹಿಟ್ಟು ನೆಲಕ್ಕೆ ಜಾರಿತ್ತು. ಕಾಕು ಬರೀ ಹಲಗೆಯನ್ನು ಬಡಿಯುತ್ತಿದ್ದರು.

"ಹ್ವಾದ್ನೇನವಾ ಅವ?"

ಹೌದೆಂದು ತಲೆಯಾಡಿಸಿದೆ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಹಾಟ್‌ಸ್ಪಾಟ್ ಹಾಕಲು ನಾನು ಮರೆತಿದ್ದೆ.